ಕೆರೆಯನ್ನು ಉಳಿಸಲು ಊರೆಲ್ಲರ ತಿಳಿವಳಿಕೆ ಬೇಕು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ರೈತ ಬಾಂಧವರಿಗೆ ಕೆರೆಯ ಮಹತ್ವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ವರ್ಷವಿಡೀ ಹರಿಯುವ ನದಿ ಈ ಸೀಮೆಯಲ್ಲಿ ಒಂದೂ ಇಲ್ಲ. ನಂದಿ ಬೆಟ್ಟಗಳ ಸಾಲಿನಲ್ಲಿ ಉತ್ತರ ಪಿನಾಕಿನಿ, ಚಿತ್ರಾವತಿ, ಅರ್ಕಾವತಿ ಮುಂತಾದ ನದಿಗಳು ಹುಟ್ಟುತ್ತವೆ ನಿಜ. ಆದರೆ ಹುಟ್ಟಿದ ನೆಲದಲ್ಲಿ ಅವು ಹಳ್ಳಗಳಷ್ಟೇ. ಮಳೆ ನಿಂತ ಮೇಲೆ ಬತ್ತಿಹೋಗುತ್ತವೆ. ವರ್ಷಕ್ಕೆ ಬೀಳುವ ಮಳೆ ಸರಾಸರಿ 700ರಿಂದ 750 ಮಿ.ಮೀ. ಮಾತ್ರ. ಅದೂ ಕೆಲವೇ ದಿನಗಳಲ್ಲಿ ರಭಸದಿಂದ ಸುರಿದು ಹೋಗುತ್ತದೆ. ಆ ನೀರನ್ನು ಹಿಡಿದಿಡಲೆಂದೇ ನಮ್ಮ ಹಿರಿಯರು ಮೇಲಿನ ಊರಿನ ಕೋಡಿಯ ನೀರು ಕೆಳಗಿನ ಊರಿನ ಕೆರೆಗೆ ಸೇರುವಂತೆ ಸರಪಳಿಯಾಗಿ ಕೆರೆಗಳನ್ನು ಕಟ್ಟಿದರು.

ಇಂದಿನ ಸ್ಥಿತಿ ಬೇರೆಯಾಗಿದೆ. ಕಪಿಲೆ ಬಾವಿಗಳು ಬತ್ತಿ ಬಹಳ ಕಾಲವಾಯಿತು. ಕೊಳವೆ ಬಾವಿಗಳು ಅನೇಕ ಕಡೆ ಸಾವಿರ ಅಡಿ ದಾಟಿವೆ. ಆಳದಿಂದ ಬರುವ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಿದ್ದು ಹಲ್ಲು, ಮೂಳೆಗಳಿಗೆ ಹಾನಿ ತರುತ್ತಿದೆ. ಈ ನಾಲ್ಕೂ ತಾಲ್ಲೂಕುಗಳು ಅಂತರ್ಜಲವನ್ನು ಮಿತಿಮೀರಿ ಬಳಸಿದ ತಾಲ್ಲೂಕುಗಳ ಪಟ್ಟಿಗೆ ಸೇರಿವೆ. ಆದ್ದರಿಂದ ಎಲ್ಲರ ಕಣ್ಣೂ ಮತ್ತೆ ಕೆರೆಯ ಕಡೆ ತಿರುಗಿದೆ. ಹೂಳೆತ್ತುವುದು, ಏರಿ ಭದ್ರಪಡಿಸುವುದು, ತೂಬು ದುರಸ್ತಿ ಮಾಡುವುದು ಮುಂತಾದ ಕೆಲಸಗಳಿಗೆ ಹಣವೂ ಬರುತ್ತದೆ. ಹೀಗಿದ್ದರೂ ದುರಸ್ತಿಯಾದ ಕೆರೆ ಕೆಲವೇ ವರ್ಷಗಳಲ್ಲಿ ಮೊದಲಿನ ಸ್ಥಿತಿಗೇ ಬರುವುದನ್ನು ನೀವು ಕಂಡಿರಬಹುದು. ಇದಕ್ಕೆ ಕಾರಣವೇನು?

ಕೆರೆ ಎಂದರೆ ಮಣ್ಣು ಮತ್ತು ನೀರು ಮಾತ್ರವಲ್ಲ, ಜನರೂ ಹೌದು. ಮಣ್ಣಿನ ಕೆಲಸವಾಗಿ ಜನರ ಕೆಲಸ ಉಳಿದುಹೋದರೆ ಕೆರೆ ನಿಲ್ಲುವುದಿಲ್ಲ. ಈ ಜನರ ಕೆಲಸವನ್ನು ಹೇಗೆ ಮಾಡಬೇಕೆಂಬುದನ್ನು ಈ ಪಾಠದಲ್ಲಿ ತಿಳಿಸಿದೆ.

ಪರಿಸರ ಮಾನವಶಾಸ್ತ್ರ ಎಂದರೇನು?

ಮಣ್ಣನ್ನು ಅಭ್ಯಾಸ ಮಾಡುವುದು ಮಣ್ಣು ವಿಜ್ಞಾನ, ಪೈರನ್ನು ಅಭ್ಯಾಸ ಮಾಡುವುದು ಬೇಸಾಯ ಶಾಸ್ತ್ರ. ಅದೇ ರೀತಿ, ಒಂದು ಸೀಮೆಯ ಜನರು ತಮ್ಮ ನೆಲ, ನೀರು, ಮರ, ದನಕರುಗಳೊಡನೆ ಹೇಗೆ ಬಾಳುತ್ತಾರೆ, ಅವನ್ನು ಹೇಗೆ ಹಂಚಿಕೊಳ್ಳುತ್ತಾರೆ, ಯಾವಾಗ ಕೂಡುತ್ತಾರೆ, ಯಾವಾಗ ಜಗಳವಾಡುತ್ತಾರೆ ಎಂಬುದನ್ನು ಅಭ್ಯಾಸ ಮಾಡುವುದೇ ಪರಿಸರ ಮಾನವಶಾಸ್ತ್ರ. ಈ ಶಾಸ್ತ್ರಜ್ಞರು ಊರಿನಲ್ಲೇ ತಿಂಗಳುಗಟ್ಟಲೆ ಉಳಿದು, ಜನರ ಮಾತನ್ನು ಕಲಿತು, ಅವರೊಡನೆ ಗದ್ದೆಗೂ ಕಣಕ್ಕೂ ನಡೆದು ವಿಷಯ ಸಂಗ್ರಹಿಸುತ್ತಾರೆ.

ನಮ್ಮ ರಾಜ್ಯದಲ್ಲಿ ಇಂಥ ಅಭ್ಯಾಸ ಹೊಸದಲ್ಲ. ಎಂ. ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಅಧ್ಯಯನ ಮಾಡಿದರು. 1950ರ ದಶಕದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳನ್ನು ಹೋಲಿಸಿದರು. ಕಾಲುವೆ ನೀರು ಬಂದ ಊರಿನವರು ಬೇಸಾಯದಲ್ಲೇ ಬೇರೂರಿ ಹಳೆಯ ಕಟ್ಟುಪಾಡುಗಳನ್ನು ಉಳಿಸಿಕೊಂಡರು. ನೀರು ಬಾರದ ಊರಿನವರು ಪಟ್ಟಣದ ಕೆಲಸ, ವ್ಯಾಪಾರಗಳನ್ನು ಹುಡುಕಿಕೊಂಡು ಹೊರಟರು, ಅವರ ನಡುವಣ ಹಳೆಯ ಸಂಬಂಧಗಳೂ ಬದಲಾದವು. ನೀರು ಹರಿಯುವ ದಾರಿ ಜನರ ಬಾಳಿನ ದಾರಿಯನ್ನೂ ತಿರುಗಿಸುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಆಂಧ್ರದ ಕರ್ನೂಲು ಸೀಮೆಯದು. ಅಲ್ಲಿನ ಕಾಲುವೆ ನೀರಾವರಿಯ ಹಳ್ಳಿಗಳನ್ನು ಅಭ್ಯಾಸ ಮಾಡಿದ ರಾಬರ್ಟ್ ವೇಡ್ ಎಂಬವರು 1988ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಕೆಲವು ಊರುಗಳಲ್ಲಿ ಜನರು ತಾವೇ ನೀರು ಹಂಚುವವರನ್ನೂ ಪೈರು ಕಾಯುವವರನ್ನೂ ನೇಮಿಸಿ, ಊರ ನಿಧಿಯಿಂದ ಕೂಲಿ ಕೊಡುತ್ತಿದ್ದರು. ಇಂಥ ಏರ್ಪಾಡು ನೀರು ಧಾರಾಳವಾಗಿದ್ದ ಕಾಲುವೆಯ ತಲೆಭಾಗದ ಊರುಗಳಿಗಿಂತ ನೀರಿಗೆ ಅಭಾವವಿದ್ದ ಕೊನೆಭಾಗದ ಊರುಗಳಲ್ಲೇ ಹೆಚ್ಚಾಗಿ ಕಂಡುಬಂತು. ಅಂದರೆ, ಅಭಾವ ಬಂದರೆ ಜನ ಕಚ್ಚಾಡಲೇಬೇಕೆಂದಿಲ್ಲ, ಒಟ್ಟುಗೂಡಲೂಬಹುದು. ಊರವರು ತಾವೇ ನಿಯಮ ಮಾಡಿಕೊಂಡು ನೀರು, ಹುಲ್ಲುಗಾವಲು, ಕಾಡುಗಳನ್ನು ಕಾಪಾಡಬಲ್ಲರು ಎಂಬುದನ್ನು ಹಲವು ದೇಶಗಳ ಉದಾಹರಣೆಗಳಿಂದ ತೋರಿಸಿದ ಎಲಿನರ್ ಆಸ್ಟ್ರಂ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು.

ಹಿಂದಿನ ಏರ್ಪಾಡು: ಒಳಿತು ಮತ್ತು ಕೆಡುಕು

ಹಿಂದೆ ಕೆರೆ ಕಟ್ಟಿಸಿದವರಿಗೂ ಅದನ್ನು ನೋಡಿಕೊಳ್ಳುವವರಿಗೂ ಕಟ್ಟುಕೊಡಗೆ, ದಶವಂದ ಎಂಬ ಹೆಸರಿನಲ್ಲಿ ಭೂಮಿ ಬಿಡುತ್ತಿದ್ದ ಪದ್ಧತಿಯನ್ನು ಶಾಸನಗಳಲ್ಲಿ ಕಾಣಬಹುದು. ನೀರು ಹಂಚುವ ಕೆಲಸ ನೀರುಗಂಟಿಯದು. ತೂಬು ಎತ್ತುವುದು, ಇಳಿಸುವುದು, ತಲೆಗದ್ದೆಯಿಂದ ಕೊನೆಗದ್ದೆಯವರೆಗೆ ನೀರು ಹಾಯಿಸುವುದು, ಮಳೆಗಾಲದ ರಾತ್ರಿಗಳಲ್ಲಿ ಏರಿಯ ಮೇಲೆ ತಿರುಗಿ ಬಿಲ, ಬಿರುಕುಗಳನ್ನು ನೋಡುವುದು ಇವೆಲ್ಲ ಅವನ ಹೊಣೆ. ಸುಗ್ಗಿಯಲ್ಲಿ ಕಣದಲ್ಲೇ ಅವನಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ಏರಿಯ ಮಣ್ಣು ಕಲ್ಲಿನ ಕೆಲಸದಲ್ಲಿ ಬೋವಿ ಜನರು ಪಳಗಿದ್ದರು. ಕಾಲುವೆ ಸವರುವ ದಿನ ಅಚ್ಚುಕಟ್ಟಿನ ಪ್ರತಿ ಮನೆಯಿಂದ ಒಂದಾಳು ಬರಬೇಕಾಗಿತ್ತು.

ಈ ಏರ್ಪಾಡನ್ನು ನೆನೆದು ಹಿಂದಿನದೆಲ್ಲ ಚಿನ್ನ ಎಂದು ಹೇಳುವುದು ಸುಲಭ. ಆದರೆ ಅದು ಪೂರ್ತಿ ನಿಜವಲ್ಲ. ನೀರುಗಂಟಿಗಳು ಬಹುಪಾಲು ಪರಿಶಿಷ್ಟ ಜಾತಿಯ ಮನೆತನದವರು. ಊರ ಗದ್ದೆಗಳಿಗೆಲ್ಲ ನೀರು ಹಾಯಿಸಿದ ಅವರಲ್ಲಿ ಅನೇಕರಿಗೆ ಸ್ವಂತ ಗದ್ದೆ ಇರುತ್ತಿರಲಿಲ್ಲ. ಊರ ಬಾವಿಯ ನೀರನ್ನು ಮುಟ್ಟುವ ಹಕ್ಕೂ ಇರುತ್ತಿರಲಿಲ್ಲ. ಕೆಲಸ ವಂಶಪಾರಂಪರ್ಯವಾಗಿದ್ದುದರಿಂದ ಬಿಡುವ ಸ್ವಾತಂತ್ರ್ಯವೂ ಕಡಿಮೆ. ಕೆರೆಗೆ ಹಾರ ಎಂಬ ಜನಪದ ಕಥನಗೀತೆ ನಮ್ಮ ನಾಡಿನಲ್ಲಿ ಮನೆಮಾತು. ಕೆರೆಯಲ್ಲಿ ನೀರು ನಿಲ್ಲಲೆಂದು ಮನೆಯ ಸೊಸೆಯನ್ನು ಬಲಿಕೊಟ್ಟ ಕಥೆ ಅದು. ಕೆರೆಯ ಹಿಂದೆ ಯಾರ ಯಾರ ನೋವಿದೆ ಎಂಬುದನ್ನು ನಮ್ಮ ಜನ ಮರೆತಿರಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯಿಂದ ವಂಶಪಾರಂಪರ್ಯದ ಹುದ್ದೆಗಳು ಕೊನೆಗೊಂಡವು. ಅದು ಆಗಬೇಕಾದ ಕೆಲಸವೇ. ಆದರೆ ಹುದ್ದೆಯೊಡನೆ ಆ ಹುದ್ದೆಯ ಕೆಲಸವೂ ಹೋಯಿತು. ತೂಬು ನೋಡುವವರು ಯಾರು, ರಾಜಕಾಲುವೆ ಸವರುವವರು ಯಾರು ಎಂಬುದು ಯಾರಿಗೂ ಸೇರದ ಪ್ರಶ್ನೆಯಾಯಿತು. 40 ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆಗಳು ಸಣ್ಣ ನೀರಾವರಿ ಇಲಾಖೆಗೂ ಅದಕ್ಕಿಂತ ಚಿಕ್ಕವು ಪಂಚಾಯತಿಗಳಿಗೂ ಸೇರಿದವು. ಕೊಳವೆ ಬಾವಿ ಬಂದ ಮೇಲೆ ಅನುಕೂಲವಿದ್ದ ರೈತರು ಕೆರೆಯ ಹಂಗನ್ನೇ ಬಿಟ್ಟರು. ಈಗ ನಮ್ಮ ಮುಂದಿರುವ ಕೆಲಸ ಹಳೆಯದನ್ನು ಹಾಗೆಯೇ ಮರಳಿ ತರುವುದಲ್ಲ. ಅದರ ಕೆಲಸಗಳನ್ನು ಉಳಿಸಿಕೊಂಡು, ಅದರ ಅನ್ಯಾಯವನ್ನು ಬಿಡುವುದು.

ಕೆರೆಯನ್ನು ಬಲ್ಲವರು ಯಾರು ಯಾರು?

ಕೆರೆ ಕೆಲಸಕ್ಕೆ ಸಭೆ ಕರೆದಾಗ ಸಾಮಾನ್ಯವಾಗಿ ಬರುವವರು ಅಚ್ಚುಕಟ್ಟಿನ ಜಮೀನುದಾರರು ಮತ್ತು ಪಂಚಾಯತಿ ಸದಸ್ಯರು. ಅವರ ತಿಳಿವಳಿಕೆ ಬೇಕೇ ಬೇಕು, ಆದರೆ ಸಾಲದು. ಕೆರೆಯ ಒಂದೊಂದು ಭಾಗವನ್ನು ಒಬ್ಬೊಬ್ಬರು ಬಲ್ಲರು.

1. ಹಳೆಯ ನೀರುಗಂಟಿ ಮನೆಯವರು: ತೂಬಿನ ಸೋರಿಕೆ ಎಲ್ಲಿ, ಯಾವ ಗದ್ದೆ ತುಂಬಲು ಎಷ್ಟು ಹೊತ್ತು ಬೇಕು, ಏರಿ ಹಿಂದೆ ಎಲ್ಲಿ ಕುಸಿದಿತ್ತು ಎಂಬುದನ್ನು ಅವರು ಹೇಳಬಲ್ಲರು.

2. ಕುರಿ, ದನ ಮೇಯಿಸುವವರು: ಕೆರೆಗೆ ನೀರು ಬರುವ ಜಲಾನಯನ ಪ್ರದೇಶದಲ್ಲಿ ದಿನವೂ ನಡೆದಾಡುವವರು ಇವರೇ. ಯಾವ ಕಾಲುವೆ ಒತ್ತುವರಿಯಾಗಿದೆ, ಯಾವ ಕಡೆಯಿಂದ ಮಣ್ಣು ಕೊಚ್ಚಿ ಬರುತ್ತಿದೆ ಎಂಬುದು ಇವರಿಗೆ ಕಂಡಷ್ಟು ಮತ್ತಾರಿಗೂ ಕಾಣದು.

3. ಹೆಣ್ಣುಮಕ್ಕಳು: ಯಾವ ಬಾವಿಯ ನೀರು ಯಾವ ತಿಂಗಳು ಉಪ್ಪಾಗುತ್ತದೆ, ಬೇಳೆ ಯಾವ ನೀರಿನಲ್ಲಿ ಬೇಯುವುದಿಲ್ಲ ಎಂಬುದನ್ನು ಅವರಿಂದಲೇ ತಿಳಿಯಬೇಕು. ಕೆರೆಯಂಗಳದ ಹೊನಗೊನ್ನೆ ಮುಂತಾದ ಸೊಪ್ಪು, ಏರಿಯ ಹಿಂದಿನ ಹುಲ್ಲು, ಉರುವಲು ಬಡವರ ಮನೆಗೆ ಎಷ್ಟು ಆಧಾರ ಎಂಬುದೂ ಅವರಿಗೇ ಗೊತ್ತು.

4. ಮೀನು ಹಿಡಿಯುವವರು, ಕುಂಬಾರರು, ಮಡಿವಾಳರು, ಬೋವಿ ಜನರು: ಕೆರೆಯಂಗಳದ ಗುಂಡಿಗಳು, ಜೇಡಿ ಮಣ್ಣಿನ ಪದರ, ಕಲ್ಲುಕಟ್ಟಡದ ಸ್ಥಿತಿ ಇವರ ಅನುಭವದಲ್ಲಿದೆ.

5. ಹಿಪ್ಪುನೇರಳೆ ಬೆಳೆಗಾರರು ಮತ್ತು ರೇಷ್ಮೆ ನೂಲು ಬಿಚ್ಚುವವರು: ಶಿಡ್ಲಘಟ್ಟದ ಸೀಮೆಯಲ್ಲಿ ಇವರ ಮಾತಿಗೆ ವಿಶೇಷ ಬೆಲೆಯಿದೆ. ಗೂಡು ಬೇಯಿಸುವ ನೀರು ಗಡುಸಾದರೆ ನೂಲಿನ ಗುಣ ಕೆಡುತ್ತದೆ. ಆದ್ದರಿಂದ ನೀರಿನ ಗುಣ ಬದಲಾದುದನ್ನು ಇವರು ಬೇಗ ಗುರುತಿಸುತ್ತಾರೆ.

6. ಕೊಳವೆ ಬಾವಿ ಉಳ್ಳವರು: ಎಷ್ಟು ಅಡಿಗೆ ನೀರು ಸಿಕ್ಕಿತು, ಕೆರೆ ತುಂಬಿದ ಎಷ್ಟು ದಿನಕ್ಕೆ ಬಾವಿಯಲ್ಲಿ ನೀರು ಏರಿತು ಎಂಬ ಲೆಕ್ಕ ಇವರಲ್ಲಿದೆ.

7. ಇಂಜಿನಿಯರು, ಕೃಷಿ ವಿಜ್ಞಾನಿ, ಭೂಮಾಪಕರು: ಮಟ್ಟದ ಅಳತೆ, ಮಣ್ಣು ನೀರಿನ ಪರೀಕ್ಷೆ, ಗ್ರಾಮ ನಕಾಶೆ ಇವರ ಕೊಡುಗೆ. ಇದೂ ಒಂದು ಭಾಗವೇ ಹೊರತು ಇಡಿಯಲ್ಲ.

ಇನ್ನೊಂದು ವಿಷಯವನ್ನು ಗಮನದಲ್ಲಿಡಬೇಕು. ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ಆಡುವ ಮಾತು ತೆಲುಗು. ಪಟ್ಟಣಗಳ ನೂಲು ಬಿಚ್ಚುವ ಮನೆಗಳಲ್ಲಿ ಉರ್ದು. ಕೆರೆಗೆ ಚೆರುವು ಎಂದೂ ತೂಬಿಗೆ ತೂಮು ಎಂದೂ ಹೇಳುವವರು ನಮ್ಮ ನಡುವೆಯೇ ಇದ್ದಾರೆ. ಕೈವಾರದ ತಾತಯ್ಯನವರು ತೆಲುಗು ಮತ್ತು ಕನ್ನಡ ಎರಡರಲ್ಲೂ ಪದಗಳನ್ನು ರಚಿಸಿ ಎಲ್ಲರಿಗೂ ಬೇಕಾದವರಾದರು. ಸಭೆಯ ಮಾತು ಎಲ್ಲರಿಗೂ ಅರ್ಥವಾಗುವಂತೆ ಆಯಾ ಮನೆಮಾತಿನಲ್ಲೂ ಹೇಳಿಸಿದರೆ ಮೂಲೆಯಲ್ಲಿ ಕುಳಿತವರೂ ಬಾಯಿ ತೆರೆಯುತ್ತಾರೆ.

ಭಿನ್ನ ಮಾತುಗಳನ್ನು ಪರೀಕ್ಷಿಸಿ ನೋಡಬೇಕು

ಹಲವರನ್ನು ಕೇಳಿದರೆ ಹಲವು ಮಾತು ಬರುವುದು ಸಹಜ. ಎಲ್ಲವೂ ಸರಿಯೆಂದಾಗಲಿ ಎಲ್ಲವೂ ತಪ್ಪೆಂದಾಗಲಿ ತೀರ್ಮಾನಿಸಬಾರದು. ಅಳೆದು ನೋಡಬೇಕು. ನೀಲಗಿರಿಯ ವಿಷಯ ಇದಕ್ಕೆ ಒಳ್ಳೆಯ ಉದಾಹರಣೆ. 1980ರ ದಶಕದಲ್ಲಿ ಅಂದಿನ ಕೋಲಾರ ಜಿಲ್ಲೆಯಲ್ಲಿ ರಾಗಿ ಹೊಲಗಳಲ್ಲೂ ನೀಲಗಿರಿ ನೆಟ್ಟರು. ಅದರಿಂದ ಬಾವಿಗಳು ಬತ್ತುತ್ತವೆ ಎಂದು ಅನೇಕ ರೈತರು ಹೇಳಿದರೆ, ಹಾಗೇನೂ ಇಲ್ಲ ಎಂದು ಹೇಳಿದವರೂ ಇದ್ದರು. ಭಾರತ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು ಒಟ್ಟಾಗಿ ಕರ್ನಾಟಕದ ಹಲವು ಸ್ಥಳಗಳಲ್ಲಿ ಇದನ್ನು ಅಳೆದರು. ಹೊಸಕೋಟೆಯ ಬಳಿ ಆಳವಾದ ಮಣ್ಣಿನ ಬೇಸಾಯದ ಭೂಮಿಯಲ್ಲಿ ನೀಲಗಿರಿಯು ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ಬಳಸಿದ್ದು ಕಂಡುಬಂತು. ಮಣ್ಣಿನ ಆಳ ಕಡಿಮೆಯಿದ್ದ ಬೇರೆ ಕಡೆಗಳಲ್ಲಿ ಅಲ್ಲಿನ ಸ್ವಾಭಾವಿಕ ಕಾಡಿಗಿಂತ ಹೆಚ್ಚೇನೂ ಬಳಸಲಿಲ್ಲ. ನಮ್ಮ ಸೀಮೆಯ ರೈತರ ಅನುಭವ ಅವರ ಮಣ್ಣಿನ ಮಟ್ಟಿಗೆ ಸರಿಯಾಗಿತ್ತು. ಎರಡು ಪಕ್ಷದ ಮಾತೂ ಒಂದೊಂದು ಭೂಮಿಗೆ ಹೊಂದುತ್ತಿತ್ತು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಕೆರೆಯ ಕೆಲಸದಲ್ಲೂ ಹೀಗೆ ಲೆಕ್ಕ ಹಾಕಿ ನೋಡಿರಿ. 100 ಹೆಕ್ಟೇರ್ ಜಲಾನಯನದ ಮೇಲೆ 50 ಮಿ.ಮೀ. ಮಳೆ ಬಿದ್ದು, ಅದರ ಐದರಲ್ಲೊಂದು ಪಾಲು ಮಾತ್ರ ಹರಿದು ಬಂದರೂ ಕೆರೆಗೆ ಒಂದು ಕೋಟಿ ಲೀಟರ್ ನೀರು ಸೇರುತ್ತದೆ. ಹೂಳೆತ್ತಿ ಅಷ್ಟೇ ನೀರಿಗೆ ಜಾಗ ಮಾಡಬೇಕಾದರೆ, ಒಂದು ಟ್ರ್ಯಾಕ್ಟರ್ ಟ್ರೈಲರಿಗೆ 3 ಘನ ಮೀಟರ್ ಮಣ್ಣು ಎಂದು ಹಿಡಿದರೂ, ಸುಮಾರು 3,300 ಲೋಡು ಮಣ್ಣು ಸಾಗಿಸಬೇಕು. ರಾಜಕಾಲುವೆ ಮುಚ್ಚಿಹೋಗಿದ್ದರೆ ಆ ಹೊಸ ಜಾಗಕ್ಕೆ ನೀರೇ ಬಾರದು. ಆದ್ದರಿಂದ ಮೊದಲು ಕಾಲುವೆ, ಆಮೇಲೆ ಹೂಳು. ಕಾಲುವೆ ಎಲ್ಲಿ ಮುಚ್ಚಿದೆ ಎಂದು ಹೇಳಬಲ್ಲವರು ಕುರಿ ಕಾಯುವವರು; ಅವರೇ ಸಭೆಯಲ್ಲಿ ಇರುವುದಿಲ್ಲ! 2021ರ ನವೆಂಬರ್ ಮಳೆಯಲ್ಲಿ ಬಹುಕಾಲ ಒಣಗಿದ್ದ ಕೆರೆಗಳು ಕೋಡಿ ಬಿದ್ದಾಗ, ಕಾಲುವೆಯ ದಾರಿ ಕಟ್ಟಿದ್ದ ಕಡೆ ನೀರು ಹೊಲ ಮನೆಗಳಿಗೆ ನುಗ್ಗಿದ್ದು ನಿಮಗೆ ನೆನಪಿರಬಹುದು.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ: ತೂಬು

ಕೆರೆ ತುಂಬಿದಾಗ ತೂಬು ತೆರೆಯಬೇಕೇ, ಮುಚ್ಚಿಡಬೇಕೇ? ತೆರೆದರೆ ಅಚ್ಚುಕಟ್ಟಿನ ಗದ್ದೆಗಳಿಗೆ ನೀರು. ಮುಚ್ಚಿಟ್ಟರೆ ಇಂಗಿ ಕೊಳವೆ ಬಾವಿಗಳಿಗೆ ನೀರು. ನಮ್ಮ ಸೀಮೆಯ ಅನೇಕ ಊರುಗಳು ತೂಬು ಮುಚ್ಚಿ ಕೆರೆಯನ್ನು ಇಂಗುಕೆರೆಯಾಗಿ ಮಾಡಿಕೊಂಡಿವೆ. ಕುಡಿಯುವ ನೀರಿನ ದೃಷ್ಟಿಯಿಂದ ಇದಕ್ಕೆ ಬಲವಾದ ಕಾರಣವಿದೆ. ಆದರೆ ಕೊಳವೆ ಬಾವಿ ಕೊರೆಸಲು ಶಕ್ತಿಯಿಲ್ಲದ ಚಿಕ್ಕ ಹಿಡುವಳಿದಾರನಿಗೆ ತೂಬಿನ ನೀರೊಂದೇ ಗತಿ. ತೂಬು ಮುಚ್ಚಿದ ದಿನ ಅವನ ತರಿ ಭೂಮಿ ಖುಷ್ಕಿಯಾಗುತ್ತದೆ. ಅವನ ಪಾಲಿನ ನೀರು ನೆಲದೊಳಗೆ ಹರಿದು ಉಳ್ಳವರ ಮೋಟಾರಿಗೆ ಸೇರುತ್ತದೆ.

ಇದಕ್ಕೆ ಎಲ್ಲ ಊರಿಗೂ ಹೊಂದುವ ಒಂದೇ ಉತ್ತರವಿಲ್ಲ. ನೀರಿನ ಮಟ್ಟ ಇಂತಿಷ್ಟು ಅಡಿಗಿಂತ ಮೇಲಿದ್ದರೆ ತೂಬು ತೆರೆಯುವುದು, ಕೆಳಗಿದ್ದರೆ ಮುಚ್ಚುವುದು ಒಂದು ದಾರಿ. ಭತ್ತದ ಬದಲು ರಾಗಿ, ದ್ವಿದಳ ಧಾನ್ಯಗಳಿಗೆ ಮಾತ್ರ ನೀರು ಬಿಡುವುದು ಇನ್ನೊಂದು. ಕೊಳವೆ ಬಾವಿಯವರು ಕೆರೆಯ ನಿಧಿಗೆ ಹೆಚ್ಚಿನ ವಂತಿಗೆ ಕೊಡುವುದು ಅಥವಾ ಬಾವಿಯಿಲ್ಲದ ನೆರೆಯವರಿಗೆ ಒಂದೆರಡು ನೀರು ಕೊಡುವುದು ಮತ್ತೊಂದು. ಯಾವುದನ್ನೇ ಆರಿಸಿದರೂ ನಷ್ಟ ಅನುಭವಿಸುವವರು ಸಭೆಯಲ್ಲಿ ಕುಳಿತು ಒಪ್ಪಿರಬೇಕು. ಅವರಿಲ್ಲದೆ ಮಾಡಿದ ತೀರ್ಮಾನವನ್ನು ಒಂದು ರಾತ್ರಿ ಯಾರೋ ತೂಬು ಎತ್ತಿ ಮುರಿಯುತ್ತಾರೆ.

ಬೆಂಗಳೂರಿನ ಸಂಸ್ಕರಿಸಿದ ನೀರು ಬರುವ ಕೆರೆಗಳಲ್ಲಿ ಈ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು 2018ರಿಂದ ಕೋಲಾರದ ಕಡೆಗೆ ಹರಿಯುತ್ತಿದೆ. ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆ ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗಾಗಿ ರೂಪಿಸಿದ್ದು. ಈ ನೀರು ಅಂತರ್ಜಲ ತುಂಬಲೆಂದು ಬಿಡುವ ನೀರು. ನೇರವಾಗಿ ಕುಡಿಯಲು ಅಲ್ಲ. ಎರಡನೆಯ ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕೆಂದು ಈ ಸೀಮೆಯ ಜನ ಒತ್ತಾಯಿಸುತ್ತ ಬಂದಿದ್ದಾರೆ. ಬಾವಿಗಳಲ್ಲಿ ನೀರು ಏರಿದ್ದನ್ನು ಬೇಸಾಯಗಾರ ಹೇಳುತ್ತಾನೆ. ನೊರೆ, ವಾಸನೆ, ಮೀನಿನ ಸ್ಥಿತಿಯನ್ನು ಇತರರು ಹೇಳುತ್ತಾರೆ. ಎರಡನ್ನೂ ಬರೆದಿಡಿ. ವರ್ಷಕ್ಕೆ ಎರಡು ಸಲವಾದರೂ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ.

ನೀವು ಕೈಗೊಳ್ಳಬೇಕಾದ ಕ್ರಮಗಳು

2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಆರಂಭವಾದ ಸಮುದಾಯ ಆಧಾರಿತ ಕೆರೆ ಅಭಿವೃದ್ಧಿ ಯೋಜನೆಯಲ್ಲಿ ಅಂದಿನ ಕೋಲಾರ ಜಿಲ್ಲೆಯೂ ಸೇರಿತ್ತು. ಆಗ ಈ ನಾಲ್ಕು ತಾಲ್ಲೂಕುಗಳೂ ಅದೇ ಜಿಲ್ಲೆಯಲ್ಲಿದ್ದವು. ಅದರಡಿ ಕೆರೆ ಬಳಕೆದಾರರ ಸಂಘಗಳು ರಚನೆಯಾದವು. ಸಂಘ ರಚಿಸುವುದು ಸುಲಭ. ಹಣ ಮುಗಿದ ಮೇಲೂ ಅದು ಸಭೆ ಸೇರುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ. ಹಾಗೆ ಸೇರಬೇಕಾದರೆ ಕೆಳಗಿನ ಕ್ರಮಗಳನ್ನು ಅನುಸರಿಸಿರಿ.

1. ಕೆಲಸ ಆರಂಭಿಸುವ ಮುನ್ನ ಕೆರೆಯಿಂದ ಯಾವುದೇ ಬಗೆಯ ಉಪಯೋಗ ಪಡೆಯುವ ಮನೆಗಳ ಪಟ್ಟಿ ಮಾಡಿ. ಜಮೀನಿಲ್ಲದವರನ್ನು ಬಿಡಬೇಡಿ.

2. ಮಳೆ ಬರುವ ದಿನ ಹಿರಿಯರು, ಕುರಿ ಕಾಯುವವರು, ಹೆಣ್ಣುಮಕ್ಕಳು, ಶಾಲೆಯ ಮಕ್ಕಳು ಒಟ್ಟಾಗಿ ರಾಜಕಾಲುವೆಯ ಗುಂಟ ಕೋಡಿಯವರೆಗೆ ನಡೆಯಿರಿ. ಕಂಡದ್ದನ್ನು ಗ್ರಾಮ ನಕಾಶೆಯ ಮೇಲೆ ಗುರುತಿಸಿ.

3. ಹೆಣ್ಣುಮಕ್ಕಳ ಸಭೆಯನ್ನು ಅವರಿಗೆ ಬಿಡುವಿರುವ ಹೊತ್ತಿನಲ್ಲಿ ಬೇರೆಯಾಗಿ ನಡೆಸಿ, ಅವರ ಮಾತನ್ನು ಊರ ಸಭೆಯಲ್ಲಿ ಓದಿಸಿ. ಸಭೆಯನ್ನು ಎಲ್ಲರೂ ಸಂಕೋಚವಿಲ್ಲದೆ ಬಂದು ಕೂರುವ ಜಾಗದಲ್ಲಿ ಸೇರಿಸಿ.

4. ಹೂಳನ್ನು ಹೊಲಕ್ಕೆ ಹಾಕುವ ಮುನ್ನ ಮಾದರಿಯನ್ನು ಪರೀಕ್ಷಿಸಿ. ಚಿಂತಾಮಣಿ ತಾಲ್ಲೂಕಿನ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಪಡೆಯಬಹುದು. ಮರಳು ಮಿಶ್ರಿತ ಕೆಂಪು ಮಣ್ಣಿಗೆ ಒಳ್ಳೆಯ ಹೂಳು ತೇವ ಹಿಡಿಯುವ ಶಕ್ತಿ ಕೊಡುತ್ತದೆ. ಟ್ರ್ಯಾಕ್ಟರ್ ಇಲ್ಲದವರಿಗೂ ಅವರ ಪಾಲಿನ ಲೋಡು ಮೀಸಲಿಡಿ. ಏರಿಯ ಬುಡದಲ್ಲಿ ಮಣ್ಣು ತೆಗೆಯಬೇಡಿ.

5. ನೀರುಗಂಟಿಯನ್ನು ಮತ್ತೆ ನೇಮಿಸಿ, ಆದರೆ ಜಾತಿಯಿಂದಲ್ಲ, ಕೆಲಸ ಬಲ್ಲವರಿಂದ. ಕೂಲಿಯನ್ನು ತಿಂಗಳಿಗೆ ಸರಿಯಾಗಿ ಹಣದಲ್ಲೇ ಕೊಡಿ. ಸಭೆಯಲ್ಲಿ ಅವರಿಗೂ ಒಂದು ಮತವಿರಲಿ.

6. ಮೇಲಿನ ಮತ್ತು ಕೆಳಗಿನ ಕೆರೆಯ ಊರಿನವರೊಡನೆ ವರ್ಷಕ್ಕೊಮ್ಮೆ ಕೂಡಿ ಮಾತಾಡಿ. ನಿಮ್ಮ ಕೋಡಿಯ ಎತ್ತರ ಕೆಳಗಿನವರ ಕುಡಿಯುವ ನೀರಿನ ಪ್ರಶ್ನೆ.

7. ಮಳೆ, ಕೆರೆಯ ಮಟ್ಟ, ನಾಲ್ಕಾರು ಬಾವಿಗಳ ಮಟ್ಟ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಸಭೆಯಲ್ಲಿ ವಾದ ಬಂದಾಗ ಆ ಪುಸ್ತಕವನ್ನು ತೆಗೆದು ನೋಡಿ.

ಕೆರೆಯನ್ನು ಒಬ್ಬರು ಕಟ್ಟಲಿಲ್ಲ, ಒಬ್ಬರೇ ಉಳಿಸಲೂ ಆಗದು. ಊರಿನಲ್ಲಿ ಹಲವು ಕಸುಬು, ಹಲವು ಮಾತು, ಹಲವು ಅನುಭವಗಳಿರುವುದು ಕೆಲಸಕ್ಕೆ ತೊಡಕಲ್ಲ, ಅದೇ ನಮ್ಮ ಬಂಡವಾಳ. ಮುಂದಿನ ಮುಂಗಾರಿಗೆ ಮೊದಲು ನಿಮ್ಮ ಊರಿನಲ್ಲಿ ಒಂದು ಸಭೆ ಸೇರಿಸಿ. ಇದುವರೆಗೆ ಯಾರನ್ನು ಕರೆದಿಲ್ಲವೋ ಅವರ ಮನೆಗೆ ಮೊದಲು ಹೋಗಿ ಕರೆಯಿರಿ.